ಹಿರಿಯರನ್ನು ಮನೆಗೆ ಕರೆತರುವವರು
(ಶೋನಾ ಜನರ ಧರ್ಮದ ಒಂದು ಪರಿಚಯ)

ಕಳೆದ ವರ್ಷ ಎಂಟನೆಯ ತರಗತಿಯಲ್ಲಿ ಜಾನಪದದ ಪಾಠ ನಡೆಯುತ್ತಿದ್ದಾಗ ಮಾತು ಎಲ್ಲಿಂದ ಎಲ್ಲಿಗೋ ಹರಿದು ಆಫ್ರಿಕ ಖಂಡದವರೆಗೆ ಹೋಯಿತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಅಲ್ಲಿಯವರಿಗೆ ದೇವರೇ ಇಲ್ಲವಂತೆ, ಬರೀ ದೆವ್ವಗಳಿಗೆ ಪೂಜೆ ಮಾಡುತ್ತಾರಂತೆ, ನಿಜವಾ?" ಎಂದು ಕೇಳಿದ. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನಾವೂ ನಕ್ಕು, ಗಂಟೆ ಬಾರಿಸಿತೆಂಬ ನೆಪದಲ್ಲಿ ಪುಸ್ತಕ ಮುಚ್ಚಿದೆವು. ಆದರೆ ಮನೆಗೆ ಬಂದ ಮೇಲೂ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಉತ್ತರ ಗೊತ್ತಿಲ್ಲದಿದ್ದಾಗ ನಗುವುದು ಮೇಷ್ಟರಿಗೆ ಒಪ್ಪುವ ಕೆಲಸವಲ್ಲ. ಆ ಬಳಿಕ ಕೈಗೆ ಸಿಕ್ಕಿದ್ದನ್ನು ಓದಿ ತಿಳಿದುಕೊಂಡ ಸಂಗತಿಗಳನ್ನು ಆ ಹುಡುಗನಿಗೂ ಅವನ ಜೊತೆಯವರಿಗೂ ಈ ಸಂಚಿಕೆಯ ಮೂಲಕ ತಿಳಿಸುತ್ತಿದ್ದೇವೆ. ಹಿರಿಯರಾದ ಪೋಷಕರೂ ಓದಬಹುದು.

ಮೊದಲನೆಯದಾಗಿ, ಆಫ್ರಿಕ ಎಂಬುದು ಒಂದು ಊರಲ್ಲ. ಅಲ್ಲಿ 54 ರಾಷ್ಟ್ರಗಳಿವೆ, ಸಾವಿರಕ್ಕೂ ಮಿಕ್ಕ ಭಾಷೆಗಳಿವೆ. ಪಶ್ಚಿಮದ ಯೊರುಬಾ ಜನರಿಗೆ ಒರಿಷಾ ಎಂಬ ದೇವತೆಗಳ ದೊಡ್ಡ ಸಮೂಹವೇ ಉಂಟು. ಘಾನಾ ದೇಶದ ಅಸಾಂಟೆ ಜನರು ಚಿನ್ನದ ಪೀಠವೊಂದರಲ್ಲಿ ತಮ್ಮ ಇಡೀ ಜನಾಂಗದ ಆತ್ಮ ನೆಲೆಸಿದೆಯೆಂದು ನಂಬುತ್ತಾರೆ. ಆದುದರಿಂದ 'ಆಫ್ರಿಕದ ಧರ್ಮ' ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ತಪ್ಪಾಗುತ್ತದೆ. ನಾವು ಒಂದು ಜನಾಂಗವನ್ನು ಮಾತ್ರ ಆರಿಸಿಕೊಂಡಿದ್ದೇವೆ. ಅವರೇ ಶೋನಾ ಜನರು.

ಭೂಪಟ ತೆಗೆದು ನೋಡಿ. ಆಫ್ರಿಕದ ದಕ್ಷಿಣ ಭಾಗದಲ್ಲಿ ಜಾಂಬೆಜಿ ಮತ್ತು ಲಿಂಪೊಪೊ ಎಂಬ ಎರಡು ನದಿಗಳ ನಡುವೆ, ಸಮುದ್ರದ ಸಂಪರ್ಕವಿಲ್ಲದ ಜಿಂಬಾಬ್ವೆ ಎಂಬ ದೇಶವಿದೆ. ಅಲ್ಲಿನ ಜನರಲ್ಲಿ ಬಹುಪಾಲು ಶೋನಾ ಭಾಷೆಯವರು. ಗಡಿ ದಾಟಿ ಮೊಜಾಂಬಿಕ್ ದೇಶದ ಪಶ್ಚಿಮ ಭಾಗದಲ್ಲಿಯೂ ಅವರಿದ್ದಾರೆ. ಗಡಿಗೆರೆ ಎಳೆದವರು ಭಾಷೆಯನ್ನು ಕೇಳಿ ಎಳೆಯಲಿಲ್ಲವೆಂಬುದನ್ನು ನಮ್ಮ ಶಾಲೆಯ ಮಕ್ಕಳಿಗೆ ವಿವರಿಸಿ ಹೇಳಬೇಕಾಗಿಲ್ಲ! ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ 'ಗ್ರೇಟ್ ಜಿಂಬಾಬ್ವೆ' ಎಂಬ ಮಹಾನಗರವು 11ನೆಯ ಶತಮಾನದಿಂದ 15ನೆಯ ಶತಮಾನದವರೆಗೆ ಅವರ ಪೂರ್ವಿಕರ ಕಾಲದಲ್ಲಿ ಬಾಳಿತು. ದೇಶದ ಹೆಸರಿಗೇ 'ಕಲ್ಲಿನ ಮನೆಗಳು' ಎಂದು ಅರ್ಥ. ಇಂಥದನ್ನು ಕರಿಯರು ಕಟ್ಟಿರಲಾರರು, ಬೇರೆ ಯಾರೋ ಹೊರಗಿನಿಂದ ಬಂದು ಕಟ್ಟಿರಬೇಕು ಎಂದು ಬಿಳಿಯ ಆಡಳಿತಗಾರರು ಬಹುಕಾಲ ವಾದಿಸಿದರು. ಕಟ್ಟಡದ ಬಗ್ಗೆಯೇ ಹೀಗೆಂದವರು ಧರ್ಮದ ಬಗ್ಗೆ ಏನೆಂದಿರಬಹುದೆಂದು ನೀವೇ ಊಹಿಸಿಕೊಳ್ಳಿ.

ಇನ್ನು ಹುಡುಗನ ಪ್ರಶ್ನೆಗೆ ಬರೋಣ. ಶೋನಾ ಜನರಿಗೆ ದೇವರಿದ್ದಾನೆ. ಅವನ ಹೆಸರು ಮ್ವಾರಿ. ಜನರನ್ನು ಸೃಷ್ಟಿಸಿದವನು ಎಂಬ ಅರ್ಥದಲ್ಲಿ ಮುಸಿಕವನ್ಹು ಎಂದೂ, ಆಕಾಶದ ಒಡೆಯನೆಂಬ ಅರ್ಥದಲ್ಲಿ ನ್ಯಾಡೆಂಗಾ ಎಂದೂ ಅವನನ್ನು ಕರೆಯುತ್ತಾರೆ. ಮ್ವಾರಿ ಒಬ್ಬನೇ. ಅವನಿಗೆ ವಿಗ್ರಹವಿಲ್ಲ. ಆದರೆ ಅವನು ಬಹು ದೊಡ್ಡವನಾದ್ದರಿಂದ ಸಣ್ಣಪುಟ್ಟ ಅಹವಾಲುಗಳನ್ನು ಹೊತ್ತುಕೊಂಡು ನೇರವಾಗಿ ಅವನ ಮುಂದೆ ಹೋಗಿ ನಿಲ್ಲುವುದು ಮರ್ಯಾದೆಯಲ್ಲ. ಊರಿನ ಒಡೆಯನನ್ನು ಕಾಣಬೇಕಾದರೂ ಅಲ್ಲಿ ಮೊದಲು ನಡುವಿನವರೊಬ್ಬರ ಮೂಲಕ ಹೇಳಿ ಕಳುಹಿಸುವುದು ಪದ್ಧತಿ. ದೇವರ ವಿಷಯದಲ್ಲಿಯೂ ಹಾಗೆಯೇ. ಆ ನಡುವಿನವರೇ ತೀರಿಹೋದ ಹಿರಿಯರು. ಮನೆಯ ಯಜಮಾನನು ತನ್ನ ತಂದೆಯ ಹೆಸರು ಹೇಳಿ, ಅಜ್ಜನ ಹೆಸರು ಹೇಳಿ, ನಮಗೆ ಹೆಸರು ತಿಳಿಯದ ಅದಕ್ಕೂ ಹಿಂದಿನವರಿಗೆ ನೀವು ತಲುಪಿಸಿರಿ, ಅವರು ಮ್ವಾರಿಗೆ ತಲುಪಿಸಲಿ ಎಂದು ಬೇಡಿಕೊಳ್ಳುತ್ತಾನೆ. ಮಾತು ಮೆಟ್ಟಿಲು ಮೆಟ್ಟಿಲಾಗಿ ಏರಿ ಹೋಗುತ್ತದೆ.

ಈ ಹಿರಿಯರ ಆತ್ಮಗಳಿಗೆ ವಾಡ್ಜಿಮು ಎಂದು ಹೆಸರು, ಒಬ್ಬರಾದರೆ ಮುಡ್ಜಿಮು. ಇವರು ದೆವ್ವಗಳಲ್ಲ. ಸತ್ತರೂ ಮನೆಯ ಲೆಕ್ಕದಿಂದ ಬಿಟ್ಟುಹೋಗದ ಮನೆಯವರು. ಕೀನ್ಯಾ ದೇಶದ ವಿದ್ವಾಂಸರಾದ ಜಾನ್ ಎಂಬೀಟಿಯವರು 1969ರಲ್ಲಿ ಪ್ರಕಟಿಸಿದ ಆಫ್ರಿಕದ ಧರ್ಮಗಳ ಮೇಲಿನ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಇಂಥವರನ್ನು 'ಜೀವಂತ ಮೃತರು' ಎಂದು ಕರೆದರು. ಹೆಸರು ಹಿಡಿದು ನೆನೆಯುವವರು ಒಬ್ಬರಾದರೂ ಇರುವ ತನಕ ಸತ್ತವನು ಪೂರ್ತಿ ಸತ್ತಿಲ್ಲವೆಂದು ಇದರ ಭಾವ. 'ಪಿತೃಪೂಜೆ' ಎಂದು ಪುಸ್ತಕಗಳಲ್ಲಿ ಬರೆಯುವುದುಂಟಾದರೂ ಶೋನಾ ಭಾಷೆಯಲ್ಲಿ ಹಿರಿಯರಿಗೆ ಸಲ್ಲಿಸುವುದಕ್ಕೆ 'ಕುಪಿರಾ' ಎಂದೂ, ದೇವರನ್ನು ಆರಾಧಿಸುವುದಕ್ಕೆ 'ಕುನಮಾಟಾ' ಎಂದೂ ಬೇರೆ ಬೇರೆ ಪದಗಳಿವೆ. ಅಜ್ಜನಿಗೆ ಊಟ ಬಡಿಸುವುದು ಅಜ್ಜನ ಪೂಜೆಯೇ? ಭಾಷೆಯನ್ನು ಕಲಿಯದೆ ಧರ್ಮವನ್ನು ಅಳೆಯಲು ಹೊರಟವರಿಗೆ ಈ ಭೇದ ಕಾಣಲಿಲ್ಲ.

ಹಳ್ಳಿಯ ಮನೆಯಲ್ಲಿ ದುಂಡಗೆ ಕಟ್ಟಿದ ಅಡುಗೆಮನೆಯೇ ಮುಖ್ಯವಾದ ಸ್ಥಳ. ಬಾಗಿಲಿಗೆ ಎದುರಾದ ಗೋಡೆಯ ಬುಡದಲ್ಲಿ ಮಣ್ಣಿನ ಒಂದು ಜಗಲಿ ಇರುತ್ತದೆ. ಅದಕ್ಕೆ ಚಿಕುವಾ ಎನ್ನುತ್ತಾರೆ. ದಿನವೂ ಮಡಕೆಗಳನ್ನು ಜೋಡಿಸಿಡುವುದು ಅದರ ಮೇಲೆಯೇ. ಹಿರಿಯರಿಗೆ ಅರಿಕೆ ಮಾಡಿಕೊಳ್ಳುವುದೂ ಅದರ ಮುಂದೆಯೇ. ಯಜಮಾನನು ಅಲ್ಲಿ ಕುಳಿತು ಒಂದು ಚಿಟಿಕೆ ನಶ್ಯವನ್ನಿಟ್ಟು, ಕೈ ತಟ್ಟಿ ಮಾತನಾಡುತ್ತಾನೆ. ಈ ಕೈ ತಟ್ಟುವುದರಲ್ಲಿಯೂ ಕ್ರಮವುಂಟು. ಗಂಡಸರು ಬೆರಳಿಗೆ ಬೆರಳು ಹೊಂದುವಂತೆ ಅಂಗೈ ನೇರವಾಗಿಟ್ಟು ತಟ್ಟಬೇಕು. ಹೆಂಗಸರು ಅಂಗೈಗಳನ್ನು ಅಡ್ಡವಾಗಿಸಿ, ಬೊಗಸೆಯಂತೆ ಟೊಳ್ಳು ಮಾಡಿ ತಟ್ಟಬೇಕು. ಮನೆಗೆ ಬಂದ ಅತಿಥಿಯನ್ನು ಗೌರವಿಸುವಾಗಲೂ ಇದೇ ರೀತಿ ಕೈ ತಟ್ಟುತ್ತಾರೆ.

ಒಬ್ಬ ಮನುಷ್ಯ ಸತ್ತೊಡನೆ ವಾಡ್ಜಿಮುಗಳ ಸಾಲಿಗೆ ಸೇರಿಬಿಡುವುದಿಲ್ಲ. ಇಲ್ಲಿಯೇ ಶೋನಾ ಜನರ ಅತಿ ಮುಖ್ಯವಾದ ಆಚರಣೆ ಬರುತ್ತದೆ. ಶವವನ್ನು ಹೂಳುವ ದಿನ ಅಳು ಇದ್ದೇ ಇರುತ್ತದೆ. ಆದರೆ ಆ ಅಳುವಿನ ನಡುವೆ ಮನೆಯ ಸೊಸೆಯಂದಿರು ಸತ್ತವರ ಅಂಗಿಯನ್ನೋ ಟೋಪಿಯನ್ನೋ ತೊಟ್ಟು, ಅವರು ನಡೆಯುತ್ತಿದ್ದ ರೀತಿ, ಬೈಯುತ್ತಿದ್ದ ರೀತಿಯನ್ನು ಅಣಕಿಸಿ ತೋರಿಸಿ ದುಃಖದಲ್ಲಿದ್ದವರನ್ನೂ ನಗಿಸುವುದುಂಟು. ಮಾವನನ್ನು ಅಣಕಿಸುವ ಹಕ್ಕು ಸೊಸೆಗೆ ಆ ಒಂದು ದಿನ ಸಿಗುತ್ತದೆ ಎಂಬುದನ್ನು ಓದಿದಾಗ ನಮಗೆ ಆಶ್ಚರ್ಯವೂ ಸಂತೋಷವೂ ಆಯಿತು. ಹೂಳಿದ ಮೇಲೆ ಆತ್ಮವು ಮನೆಯಿಲ್ಲದೆ ಅಡವಿಯಲ್ಲಿ ಅಲೆಯುತ್ತಿರುತ್ತದೆ. ಸುಮಾರು ಒಂದು ವರ್ಷ ಕಳೆದ ಬಳಿಕ ಅದನ್ನು ಕರೆತರಬೇಕು. ಈ ಕ್ರಿಯೆಗೆ 'ಕುರೋವಾ ಗುವಾ' ಎಂದು ಹೆಸರು. ಅಕ್ಷರಶಃ ಹೇಳುವುದಾದರೆ ಸಮಾಧಿಯನ್ನು ತಟ್ಟುವುದು.

ಇದಕ್ಕೆ ಬೇಕಾದ ಮುಖ್ಯ ವಸ್ತು ಯಾವುದು ಗೊತ್ತೆ? ರಾಗಿ! ಹೌದು, ನಮ್ಮ ಹೊಸೂರು ಸೀಮೆಯ ಹೊಲಗಳಲ್ಲಿ ಬೆಳೆಯುವ, ದಿನವೂ ಮುದ್ದೆಯಾಗಿ ನಮ್ಮ ತಟ್ಟೆಗೆ ಬರುವ, ತಮಿಳರು ಕೇಳ್ವರಗು ಎನ್ನುವ ಅದೇ ರಾಗಿ. ಶೋನಾ ಭಾಷೆಯಲ್ಲಿ ಅದಕ್ಕೆ ರುಕ್ವೇಜಾ ಎಂದು ಒಂದು ಹೆಸರು. ಹೆಂಗಸರು ಅದನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಕುದಿಸಿ, ಹುಳಿಯಲಿಟ್ಟು ಏಳು ದಿನಗಳಷ್ಟು ಹೊತ್ತು ಪಾನೀಯವನ್ನು ತಯಾರಿಸುತ್ತಾರೆ. ಅಮಲು ಬರುವ ಪಾನೀಯವೇ ಅದು, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಆ ದಿನ ಅದು ಹಿರಿಯರ ಪಾಲಿನ ನೈವೇದ್ಯ. ಮೆಕ್ಕೆಜೋಳ ಅಲ್ಲಿ ಇಂದು ದಿನದ ಊಟವಾಗಿದ್ದರೂ ಅದು ಪೋರ್ಚುಗೀಸರ ಕಾಲದಲ್ಲಿ ಅಮೆರಿಕದಿಂದ ಬಂದ ಧಾನ್ಯ. ಹಿರಿಯರು ಬಲ್ಲ ಧಾನ್ಯ ರಾಗಿ. ಅಂದ ಹಾಗೆ, ರಾಗಿಯ ತವರು ನಮ್ಮ ದೇಶವಲ್ಲ. ಇಥಿಯೋಪಿಯಾದಿಂದ ಉಗಾಂಡದವರೆಗಿನ ಪೂರ್ವ ಆಫ್ರಿಕದ ಎತ್ತರದ ನೆಲದಲ್ಲಿ ಸಾವಿರಾರು ವರ್ಷಗಳ ಹಿಂದೆ ಅಲ್ಲಿನ ರೈತರು ಕಾಡುಹುಲ್ಲಿನಿಂದ ಅದನ್ನು ಬೆಳೆಯಾಗಿ ಪಳಗಿಸಿದರು. ಅಲ್ಲಿಂದ ಅದು ಪ್ರಾಚೀನ ಕಾಲದಲ್ಲಿಯೇ ನಮ್ಮಲ್ಲಿಗೆ ಬಂತು. 'ದೆವ್ವ ಪೂಜೆಯವರು' ಎಂದು ನಾವು ನಕ್ಕ ಆ ಖಂಡದವರ ಹಿರಿಯರೇ ನಮಗೆ ಮುದ್ದೆಯ ಋಣ ಹೊರಿಸಿದವರು.

ಧಾನ್ಯ ಮಾತ್ರವಲ್ಲ, ಜನರೂ ಬಂದರು. ಆದರೆ ಅವರು ತಾವಾಗಿ ಬಂದವರಲ್ಲ. ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದ ಆಫ್ರಿಕದವರ ಸಂತತಿಯೇ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡುಗಳ ಕಾಡಿನ ಅಂಚಿನಲ್ಲಿರುವ ಸಿದ್ದಿ ಜನರು. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ತಂದ ಭಾಷೆಯನ್ನು ಅವರು ಕಳೆದುಕೊಂಡರು. ಇಂದಿಗೂ ಅವರಲ್ಲಿ 'ಹಿರಿಯರ' ಪೂಜೆ ಉಳಿದಿದೆ, ಡಮಾಮಿಯ ಬಡಿತ ಉಳಿದಿದೆ.

ಮತ್ತೆ ಸಮಾಧಿಯ ಹತ್ತಿರಕ್ಕೆ ಹೋಗೋಣ. ರಾತ್ರಿಯೆಲ್ಲ ಹಾಡು ಕುಣಿತಗಳಲ್ಲಿ ಕಳೆದು, ಬೆಳಗಾಗುವ ಹೊತ್ತಿಗೆ ಬಂಧುಗಳೆಲ್ಲ ಸಮಾಧಿಗೆ ಹೋಗುತ್ತಾರೆ. ಅದರ ಮೇಲೆ ರಾಗಿಯ ಪಾನೀಯವನ್ನು ಎರೆದು, ನೀನು ಇನ್ನು ಹೊರಗೆ ಅಲೆಯುವುದು ಬೇಡ, ಮನೆಗೆ ಬಾ, ನಿನ್ನ ಮಕ್ಕಳನ್ನು ಕಾಯಿ ಎಂದು ಕರೆಯುತ್ತಾರೆ. ಆಮೇಲೆ ಹಾಡುತ್ತ ಕುಣಿಯುತ್ತ ಮನೆಗೆ ಹಿಂದಿರುಗುತ್ತಾರೆ. ಹೋಗುವಾಗ ಇದ್ದವರು ಎಷ್ಟೋ, ಬರುವಾಗ ಅದಕ್ಕಿಂತ ಒಬ್ಬರು ಹೆಚ್ಚು. ಕೆಲವು ಕಡೆ ಒಂದು ಹೋರಿಗೆ ಸತ್ತವರ ಹೆಸರನ್ನೇ ಇಟ್ಟು ಹಟ್ಟಿಯಲ್ಲಿ ಬಿಡುತ್ತಾರೆ. ಆಸ್ತಿಯ ಹಂಚಿಕೆ, ವಿಧವೆಯ ಮುಂದಿನ ಬಾಳಿನ ತೀರ್ಮಾನ ಮುಂತಾದ ವ್ಯವಹಾರಗಳೂ ಈ ಕ್ರಿಯೆಯ ಬಳಿಕವೇ ಮುಗಿಯುವುದು. ಮಕ್ಕಳಿಲ್ಲದೆ ಸತ್ತವರಿಗೆ ಈ ಕ್ರಿಯೆ ನಡೆಯುವುದಿಲ್ಲ. ಅವರನ್ನು ಕರೆಯುವವರು ಯಾರು? ಇದು ಕಠೋರವಾದ ನಿಯಮವೆಂದೇ ನಮಗೆ ತೋರುತ್ತದೆ. ಕ್ರೈಸ್ತ ಪಾದ್ರಿಗಳು ಬಹುಕಾಲ ಈ ಆಚರಣೆಯನ್ನು ತಮ್ಮ ಅನುಯಾಯಿಗಳಿಗೆ ನಿಷೇಧಿಸಿದ್ದರು. ಜನ ಕದ್ದು ಮಾಡಿದರೇ ಹೊರತು ಬಿಡಲಿಲ್ಲ. ಕೊನೆಗೆ ಅಲ್ಲಿನ ಕ್ಯಾಥೊಲಿಕ್ ಚರ್ಚು ತನ್ನ ಪ್ರಾರ್ಥನೆಗಳನ್ನು ಸೇರಿಸಿ ಇದಕ್ಕೊಂದು ಹೊಸ ರೂಪ ಕೊಟ್ಟು ಒಪ್ಪಿಕೊಂಡಿತು.

ಮನೆಗೆ ಬಂದ ಹಿರಿಯರೊಡನೆ ಮಾತನಾಡಬೇಕಾದಾಗ 'ಬಿರಾ' ಎಂಬ ರಾತ್ರಿಯ ಕೂಟ ನಡೆಯುತ್ತದೆ. ಮನೆಯಲ್ಲಿ ಬಿಡದ ಕಾಯಿಲೆ ಬಂದಾಗ, ಮೇಲಿಂದ ಮೇಲೆ ಕಷ್ಟಗಳು ಬಂದಾಗ ಇದನ್ನು ಏರ್ಪಡಿಸುತ್ತಾರೆ. ಇಲ್ಲಿ ನುಡಿಸುವ ಎಂಬಿರಾ ಎಂಬ ವಾದ್ಯವನ್ನು ನೀವು ಎಂದಾದರೂ ಕೇಳಬೇಕು. ಒಂದು ಹಲಗೆಯ ಮೇಲೆ ತಟ್ಟಿ ಚಪ್ಪಟೆ ಮಾಡಿದ ಇಪ್ಪತ್ತೆರಡೋ ಅದಕ್ಕೂ ಹೆಚ್ಚೋ ಕಬ್ಬಿಣದ ಪಟ್ಟಿಗಳನ್ನು ಬಿಗಿದಿರುತ್ತಾರೆ. ಎರಡು ಹೆಬ್ಬೆರಳು ಮತ್ತು ಬಲಗೈಯ ತೋರುಬೆರಳಿನಿಂದ ಅವನ್ನು ಮೀಟುತ್ತಾರೆ. ನಾದ ದೊಡ್ಡದಾಗಲೆಂದು ದೊಡ್ಡ ಸೋರೆಬುರುಡೆಯೊಳಗೆ ಇಟ್ಟು ನುಡಿಸುತ್ತಾರೆ. ಬುರುಡೆಗೆ ಕಪ್ಪೆಚಿಪ್ಪುಗಳನ್ನೋ, ಈಚೆಗೆ ಸೋಡಾ ಬಾಟಲಿಯ ಮುಚ್ಚಳಗಳನ್ನೋ ಕಟ್ಟಿರುವುದರಿಂದ ದುಂಬಿಯ ಝೇಂಕಾರದಂಥ ಸದ್ದು ಸ್ವರದ ಜೊತೆಗೆ ಬರುತ್ತದೆ. ಹಿರಿಯರು ಬದುಕಿದ್ದಾಗ ಯಾವ ಹಾಡನ್ನು ಮೆಚ್ಚುತ್ತಿದ್ದರೋ ಅದನ್ನೇ ನುಡಿಸಬೇಕು. ಅದನ್ನು ಕೇಳಿ ಅವರು ಬಂದು, ಕೂಟದಲ್ಲಿದ್ದ ಒಬ್ಬರ ಮೈಮೇಲೆ ನಿಲ್ಲುತ್ತಾರೆ. ಹಾಗೆ ಮೈಮೇಲೆ ಬರುವವರಿಗೆ ಸ್ವಿಕಿರೊ ಎನ್ನುತ್ತಾರೆ. ಆಗ ಅಜ್ಜನೊಡನೆ ಮೊಮ್ಮಕ್ಕಳು ಕುಳಿತು ಮಾತನಾಡುತ್ತಾರೆ, ವಾದವನ್ನೂ ಮಾಡುತ್ತಾರೆ. ನಾವು ನಿನಗೆ ಏನು ಕಡಿಮೆ ಮಾಡಿದೆವು, ಮಗುವಿಗೆ ಏಕೆ ಜ್ವರ ಬರಿಸಿದೆ ಎಂದು ಗದರಿಸುವುದೂ ಉಂಟು. ಮೈಮೇಲೆ ಬರುವುದು ನಿಜವೋ ಸುಳ್ಳೋ ಎಂದು ಕೇಳಬೇಡಿ. ಮೈಮೇಲೆ ಬರುವುದು ನಮ್ಮ ಊರ ಜಾತ್ರೆಯಲ್ಲಿಯೂ ಉಂಟು, ಅದಕ್ಕೆ ಉತ್ತರ ಹೇಳುವ ಧೈರ್ಯ ನಮಗಿಲ್ಲ. ಜ್ವರ ಬಂದರೆ ಡಾಕ್ಟರ ಬಳಿಗೆ ಹೋಗಬೇಕೆಂಬುದನ್ನು ಮಾತ್ರ ಖಂಡಿತವಾಗಿ ಹೇಳಬಲ್ಲೆವು.

ಮನೆಯ ಹಿರಿಯರು ಮನೆಗೆ ಮಾತ್ರ. ಇಡೀ ಸೀಮೆಯನ್ನು ಕಾಯುವವರು ಹಿಂದಿನ ದೊಡ್ಡ ಒಡೆಯರ ಆತ್ಮಗಳಾದ ಎಂಹೊಂಡೊರೊಗಳು. ಈ ಪದಕ್ಕೆ ಸಿಂಹವೆಂದು ಅರ್ಥ. ನೆಲ ಅವರದು, ಮಳೆಯೂ ಅವರದು. ಮಳೆಗಾಲಕ್ಕೆ ಮುಂಚೆ, ಸೆಪ್ಟೆಂಬರ್ ಅಕ್ಟೋಬರ್ ತಿಂಗಳಲ್ಲಿ ಊರವರೆಲ್ಲ ಮನೆ ಮನೆಯಿಂದ ಧಾನ್ಯ ಕೂಡಿಸಿ, ಮುಹಾಚಾ ಎಂಬ ಮರದ ಅಡಿಯಲ್ಲಿ ಮಳೆಯ ಕ್ರಿಯೆ ನಡೆಸುತ್ತಾರೆ. ವಾರದಲ್ಲಿ ಒಂದು ದಿನ ಹೊಲಕ್ಕೆ ಗುದ್ದಲಿ ಹಾಕಬಾರದು. ಅಂದು ನೆಲಕ್ಕೂ ಹಿರಿಯರಿಗೂ ವಿರಾಮ. ಮಳೆ ನಿಂತುಹೋದರೆ ನೆಲದಲ್ಲಿ ಏನೋ ಅನ್ಯಾಯ ನಡೆದಿದೆಯೆಂದು ಹುಡುಕುತ್ತಾರೆ. ದೇಶದ ನೈಋತ್ಯಕ್ಕಿರುವ ಮಟೊಬೊ ಬೆಟ್ಟಗಳ ಗುಹೆಗಳಲ್ಲಿ ಸ್ವತಃ ಮ್ವಾರಿಯ ಧ್ವನಿ ಕೇಳಿಸುತ್ತದೆಂದು ದೂರದೂರದ ಊರುಗಳಿಂದ ಮಳೆ ಬೇಡಲು ದೂತರು ಹೋಗುತ್ತಿದ್ದರು. 2003ರಲ್ಲಿ ಯುನೆಸ್ಕೊ ಆ ಬೆಟ್ಟಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿಯೇ 'ಆತ್ಮಗಳ ನೆಲೆ' ಎಂಬರ್ಥದ ಮಲಿಂಡಿಡ್ಜಿಮು ಎಂಬ ಗುಡ್ಡದ ನೆತ್ತಿಯಲ್ಲಿ, ಆ ದೇಶವನ್ನು ವಶಪಡಿಸಿಕೊಂಡ ಕಂಪೆನಿಯ ಒಡೆಯ ಸೆಸಿಲ್ ರೋಡ್ಸನ ಸಮಾಧಿಯೂ ಇದೆ. 1902ರಲ್ಲಿ ಸತ್ತಾಗ ಅವನ ಇಚ್ಛೆಯಂತೆ ಅಲ್ಲಿ ಹೂಳಿದರು. ನೆಲವನ್ನು ಪಡೆದವನಿಗೆ ಆತ್ಮಗಳ ಗುಡ್ಡವೂ ಬೇಕಾಯಿತು!

ರೋಡ್ಸನ ಬ್ರಿಟಿಷ್ ಸೌತ್ ಆಫ್ರಿಕ ಕಂಪೆನಿಯ ದಂಡು 1890ರಲ್ಲಿ ಬಂದಿಳಿಯಿತು. 1894ರಲ್ಲಿ ಗುಡಿಸಲಿಗೊಂದು ತೆರಿಗೆ ಹಾಕಿದರು. ದನಗಳನ್ನು ಎಳೆದೊಯ್ದರು. ಜನರನ್ನು ಹಿಡಿದು ದುಡಿಸಿದರು. ಇದರ ಮೇಲೆ ಮಿಡತೆ, ಬರ, 1896ರಲ್ಲಿ ದನಗಳ ದೊಡ್ಡರೋಗ. ನೆಲದಲ್ಲಿ ಅನ್ಯಾಯ ನಡೆದಿದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. 1896ರ ಮಾರ್ಚಿಯಲ್ಲಿ ನೆರೆಯ ಎಂಡೆಬೆಲೆ ಜನರೂ, ಜೂನ್ ತಿಂಗಳಲ್ಲಿ ಶೋನಾ ಜನರೂ ದಂಗೆಯೆದ್ದರು. ಮಜೊವೆ ಕಣಿವೆಯಲ್ಲಿ ಜನರನ್ನು ಹುರಿದುಂಬಿಸಿದವಳು ಚಾರ್ವೆ ಎಂಬ ಹೆಂಗಸು. ನೆಹಾಂಡಾ ಎಂಬ ಪೂರ್ವಕಾಲದ ರಾಜಕುಮಾರಿಯ ಆತ್ಮ ಅವಳ ಮೈಮೇಲೆ ಬರುತ್ತಿತ್ತು. ಆದ್ದರಿಂದ ಜನ ಅವಳನ್ನು ಎಂಬುಯಾ ನೆಹಾಂಡಾ, ಅಂದರೆ ನೆಹಾಂಡಾ ಅಜ್ಜಿ, ಎಂದೇ ಕರೆದರು. 1897ರ ಕೊನೆಗೆ ಅವಳು ಸೆರೆಯಾದಳು. ಒಬ್ಬ ಬಿಳಿಯ ಅಧಿಕಾರಿಯನ್ನು ಕೊಲ್ಲಿಸಿದಳೆಂಬ ಆರೋಪದ ಮೇಲೆ 1898ರ ಏಪ್ರಿಲ್ 27ರಂದು ಅವಳನ್ನು ಗಲ್ಲಿಗೇರಿಸಿದರು. ಅವಳೊಡನೆ ಸೆರೆಯಲ್ಲಿದ್ದ ಕಾಗುವಿ ಎಂಬ ಇನ್ನೊಬ್ಬ ಆತ್ಮದ ಸ್ವಿಕಿರೊ ಕೊನೆಯ ಗಳಿಗೆಯಲ್ಲಿ ಕ್ರೈಸ್ತ ದೀಕ್ಷೆಯನ್ನು ಪಡೆದ. ಪಾದ್ರಿಯು ಎಷ್ಟು ಹೇಳಿದರೂ ಅವಳು ಒಪ್ಪಲಿಲ್ಲ. ತನ್ನ ಜನರ ಬಳಿಗೆ ಕಳುಹಿಸಿರೆಂದು ಕೂಗುತ್ತಲೇ ಇದ್ದಳು. ತನ್ನ ಮೂಳೆಗಳು ಮತ್ತೆ ಎದ್ದು ಬರುತ್ತವೆಂದು ಅವಳು ನುಡಿದಳೆಂಬುದು ಜನರ ಬಾಯಲ್ಲಿ ಉಳಿದು ಬಂದ ಮಾತು.

ಎದ್ದು ಬಂದವು ಎಂದೇ ಜನರು ಹೇಳುತ್ತಾರೆ. 1970ರ ದಶಕದಲ್ಲಿ ಸ್ವಾತಂತ್ರ್ಯ ಹೋರಾಟದ ಗೆರಿಲ್ಲಾಗಳು ಗಡಿ ದಾಟಿ ಈಶಾನ್ಯದ ಕಾಡುಗಳಿಗೆ ಬಂದಾಗ ಮೊದಲು ಅನುಮತಿ ಕೇಳಿದ್ದು ಅಲ್ಲಿನ ಎಂಹೊಂಡೊರೊಗಳ ಸ್ವಿಕಿರೊಗಳನ್ನು. ಆ ಹೊತ್ತಿಗೆ ನೆಹಾಂಡಾ ಮೈಮೇಲೆ ಬರುತ್ತಿದ್ದವಳು ಇನ್ನೊಬ್ಬ ಹಣ್ಣು ಮುದುಕಿ. ಸರ್ಕಾರದ ಕೈಗೆ ಸಿಕ್ಕಬಾರದೆಂದು ಹುಡುಗರು ಅವಳನ್ನು ಗಡಿಯಾಚೆಗೆ ಹೊತ್ತುಕೊಂಡು ಹೋದರು. 1973ರಲ್ಲಿ ಅವಳು ಅಲ್ಲಿಯೇ ತೀರಿಕೊಂಡಳು. ಆ ಹೋರಾಟದಲ್ಲಿ ಸ್ವಿಕಿರೊಗಳು ವಹಿಸಿದ ಪಾತ್ರವನ್ನು ಡೇವಿಡ್ ಲ್ಯಾನ್ ಎಂಬವರು 1985ರ 'ಗನ್ಸ್ ಅಂಡ್ ರೇನ್' ಎಂಬ ಪುಸ್ತಕದಲ್ಲಿ ವಿವರಿಸಿದ್ದಾರೆ. ಬಂದೂಕು ಮತ್ತು ಮಳೆ, ಎರಡನ್ನೂ ಒಟ್ಟಿಗೆ ಹೇಳುವ ಆ ಹೆಸರು ತಕ್ಕುದಾಗಿದೆ. 1980ರ ಏಪ್ರಿಲ್ 18ರಂದು ದೇಶ ಸ್ವತಂತ್ರವಾಯಿತು.

ಎಲ್ಲವೂ ಹೂವಿನಂತಿದೆಯೆಂದು ತಿಳಿಯಬಾರದು. ಕೊಲೆಯಾದವರ ಆತ್ಮ ನ್ಗೋಜಿ ಎಂಬುದಾಗಿ ಕೊಂದವನ ಮನೆತನವನ್ನು ಬಿಡದೆ ಕಾಡುತ್ತದೆಂದು ಶೋನಾ ಜನರು ಬಹಳ ಹೆದರುತ್ತಾರೆ. ಪರಿಹಾರವಾಗಿ ದನಗಳನ್ನು ಕೊಡಬೇಕು. ಈ ಭಯ ಎಷ್ಟೋ ಕೈಗಳನ್ನು ಕೊಲೆಯಿಂದ ಹಿಂದಕ್ಕೆ ಎಳೆದಿರಬಹುದು. ಆದರೆ ಹಿಂದೆ ದನಗಳ ಜೊತೆಗೆ ಕೊಂದವನ ಮನೆಯ ಎಳೆಯ ಹುಡುಗಿಯನ್ನೂ ಸತ್ತವನ ಮನೆಗೆ ಕೊಟ್ಟುಬಿಡುತ್ತಿದ್ದರು. ಯಾರೋ ಮಾಡಿದ ಪಾಪಕ್ಕೆ ಏನೂ ಅರಿಯದ ಮಗು ತೆರುವ ಬೆಲೆ ಅದು. 2007ರಲ್ಲಿ ಜಾರಿಗೆ ಬಂದ ಕೌಟುಂಬಿಕ ಹಿಂಸೆಯ ವಿರುದ್ಧದ ಕಾನೂನು, ಆತ್ಮಗಳ ಶಾಂತಿಗಾಗಿ ಹೆಣ್ಣುಮಕ್ಕಳನ್ನು ಒಪ್ಪಿಸುವುದನ್ನು ಅಪರಾಧವೆಂದು ಸಾರಿತು. ಹಿರಿಯರ ಮಾತೆಲ್ಲ ಉಳಿಯತಕ್ಕದ್ದಲ್ಲ.

ಈಗ ಜಿಂಬಾಬ್ವೆಯಲ್ಲಿ ಬಹುಪಾಲು ಜನರು ಕ್ರೈಸ್ತರು. ಆದರೂ ಭಾನುವಾರ ಚರ್ಚಿಗೆ ಹೋದವರೇ ಮನೆಯಲ್ಲಿ ಹಿರಿಯರ ಹೆಸರು ಹೇಳಿ ಕೈ ತಟ್ಟುವುದು ಅಪರೂಪವಲ್ಲ. ಒಮ್ಮೆ ಪಾದ್ರಿಗಳು ಸೈತಾನನ ವಾದ್ಯವೆಂದು ದೂರವಿಟ್ಟಿದ್ದ ಎಂಬಿರಾವನ್ನು 2020ರಲ್ಲಿ ಯುನೆಸ್ಕೊ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. 2021ರ ಮೇ 25ರಂದು ರಾಜಧಾನಿ ಹರಾರೆಯ ನಡುಬೀದಿಯಲ್ಲಿ ನೆಹಾಂಡಾ ಅಜ್ಜಿಯ ಪ್ರತಿಮೆಯನ್ನು ಅನಾವರಣ ಮಾಡಿದರು.

ಆದರೆ ಅವಳ ಸಮಾಧಿ ಎಲ್ಲಿದೆ? ಗಲ್ಲಿಗೇರಿಸಿದ ಮೇಲೆ ದಂಗೆಯ ನಾಯಕರ ತಲೆಗಳನ್ನು ಇಂಗ್ಲೆಂಡಿಗೆ ಸಾಗಿಸಿದರೆಂದು ಜಿಂಬಾಬ್ವೆಯವರು ಬಲವಾಗಿ ನಂಬಿದ್ದಾರೆ. ಅವನ್ನು ಹಿಂದಕ್ಕೆ ಕೊಡಿರೆಂದು ಅಲ್ಲಿನ ಸರ್ಕಾರ ವರ್ಷಗಟ್ಟಲೆ ಕೇಳುತ್ತ ಬಂದಿದೆ. ಜಿಂಬಾಬ್ವೆಯ ಕೆಲವರ ಅವಶೇಷಗಳು ತನ್ನಲ್ಲಿವೆ, ಅವುಗಳನ್ನು ಮರಳಿಸಲು ಸಹಕರಿಸುತ್ತೇವೆ ಎಂದು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ 2022ರಲ್ಲಿ ಹೇಳಿತು. ಅವುಗಳಲ್ಲಿ ನೆಹಾಂಡಾಳ ತಲೆ ಇದೆಯೆಂಬುದಕ್ಕೆ ಆಧಾರ ದೊರೆಯಲಿಲ್ಲ. ಸತ್ತವರನ್ನು ಸುಮಾರು ಒಂದು ವರ್ಷ ಕಳೆದ ಬಳಿಕ ಮನೆಗೆ ಕರೆದುಕೊಳ್ಳುವ ಜನರು ಅವರು. ಅವಳು ಸತ್ತು ನೂರಿಪ್ಪತ್ತೈದು ವರ್ಷಗಳ ಮೇಲಾಯಿತು. ರಾಗಿಯ ಪಾನೀಯವನ್ನು ಎರೆಯುವುದಕ್ಕೆ ಅವಳ ಸಮಾಧಿಯನ್ನು ಅವರು ಇನ್ನೂ ಹುಡುಕುತ್ತಿದ್ದಾರೆ.